ಕೆಲಸದ ಸ್ಥಳದಲ್ಲಿ ಧಾರ್ಮಿಕ ಉಡುಪು: ಅನುಮತಿ ಕೇಳುವುದರಿಂದ ಹಿಡಿದು ಅನ್ಯಧರ್ಮೀಯರೊಡನೆ ಒಡನಾಡುವವರೆಗೆ

ಓದುಗರ ಪತ್ರಗಳಲ್ಲಿ ಮೂರು ಪ್ರಶ್ನೆಗಳು ಮತ್ತೆ ಮತ್ತೆ ಬರುತ್ತವೆ. "ಹೊಸ ಕೆಲಸ ಸಿಕ್ಕಿದೆ. ತಲೆಗೆ ವಸ್ತ್ರ ತೊಡುತ್ತೇನೆಂದು ಮೊದಲೇ ಹೇಳಬೇಕೇ?" "ಪೇಟ ತೆಗೆದು ಹೆಲ್ಮೆಟ್ ಹಾಕಿಕೊಳ್ಳಿ ಎನ್ನುತ್ತಿದ್ದಾರೆ. ಏನು ಮಾಡಲಿ?" "ಹೊಸ ಸಹೋದ್ಯೋಗಿಗೆ ಕೈ ಚಾಚಿದೆ. ಅವರು ಕೈ ಕೊಡದೆ ಎದೆಯ ಮೇಲೆ ಅಂಗೈ ಇಟ್ಟುಕೊಂಡು ತಲೆ ಬಾಗಿದರು. ನನ್ನಿಂದ ತಪ್ಪಾಯಿತೇ?" ಒಬ್ಬೊಬ್ಬರಿಗೆ ಬಿಡಿಬಿಡಿಯಾಗಿ ಉತ್ತರಿಸುವ ಬದಲು ಎಲ್ಲವನ್ನೂ ಒಂದೆಡೆ ಬರೆದಿದ್ದೇನೆ.

ಸಿಬ್ಬಂದಿ ವಿಭಾಗದಲ್ಲಿ ಹಲವು ವರ್ಷ ಕುಳಿತು ಇಂಥ ಅರ್ಜಿಗಳನ್ನು ಓದಿದವಳು ನಾನು. ನಂಬಿಕೆಯ ಹಿರಿಮೆಯನ್ನು ನಾಲ್ಕು ಪುಟ ವಿವರಿಸಿ ಬಂದ ಅರ್ಜಿಗಳು ಮೇಜಿನಿಂದ ಮೇಜಿಗೆ ಅಲೆದು ಎಲ್ಲೋ ನಿಂತುಬಿಡುತ್ತಿದ್ದವು. ಬಟ್ಟೆ ಎಷ್ಟು ಉದ್ದ, ಎಲ್ಲಿ ಗಂಟು, ಪಿನ್ನು ಇದೆಯೇ, ಯಾವ ಬಣ್ಣ ಎಂದು ಅರ್ಧ ಪುಟದಲ್ಲಿ ಬರೆದವು ಅದೇ ವಾರ ಇತ್ಯರ್ಥವಾಗುತ್ತಿದ್ದವು. ನಿಮ್ಮ ಧರ್ಮ ಸರಿಯೇ ಎಂದು ತೀರ್ಮಾನಿಸುವ ಹೊಣೆಯನ್ನು ಮೇಲಧಿಕಾರಿಗೆ ಕೊಡಬೇಡಿ. ಅದು ಅವರ ಕೆಲಸವೂ ಅಲ್ಲ, ಅವರಿಗೆ ಅದು ಬೇಕಾಗಿಯೂ ಇರುವುದಿಲ್ಲ. ಬಟ್ಟೆಯನ್ನು ಕೆಲಸಕ್ಕೆ ಹೊಂದಿಸುವುದು ಹೇಗೆ ಎಂಬುದಷ್ಟನ್ನೇ ಅವರ ಮುಂದಿಡಿ. ಕೆಳಗಿನ ಹಂತಗಳೆಲ್ಲ ಈ ಒಂದು ಮಾತಿನ ಮೇಲೆ ನಿಂತಿವೆ.

ಇಲ್ಲಿ 'ಉಡುಪು' ಎಂದರೆ ಹಿಜಾಬ್, ಪೇಟ, ಯಹೂದಿಗಳ ಪುಟ್ಟ ಟೋಪಿಯಾದ ಕಿಪ್ಪಾ, ಸನ್ಯಾಸಿಗಳ ಮತ್ತು ಕ್ರೈಸ್ತ ಸನ್ಯಾಸಿನಿಯರ ನಿಲುವಂಗಿ ಮಾತ್ರವಲ್ಲ. ಕೊರಳ ಶಿಲುಬೆ, ರುದ್ರಾಕ್ಷಿ, ಇಷ್ಟಲಿಂಗ, ಸಿಖ್ಖರ ಉಕ್ಕಿನ ಬಳೆಯಾದ ಕಡ ಮತ್ತು ಪುಟ್ಟ ಖಡ್ಗವಾದ ಕಿರ್ಪಾನ್, ಹಣೆಯ ತಿಲಕ, ವಿಭೂತಿ, ಗಡ್ಡ, ವ್ರತಕ್ಕೆಂದು ಕೆಲವು ದಿನ ಮಾತ್ರ ತೊಡುವ ಬಣ್ಣದ ಬಟ್ಟೆ, ಎಲ್ಲವೂ ಇದರಲ್ಲಿ ಸೇರುತ್ತವೆ.

ಮೊದಲು ಕೈಯಲ್ಲಿರಬೇಕಾದವು

ನಿಮ್ಮ ನೇಮಕಾತಿ ಪತ್ರ. ಸಂಸ್ಥೆಯ ವಸ್ತ್ರಸಂಹಿತೆ, ಅಂದರೆ ಏನು ತೊಡಬಹುದು, ಏನು ತೊಡಬಾರದು ಎಂಬ ಲಿಖಿತ ನಿಯಮ. ಕಾರ್ಖಾನೆ, ಆಸ್ಪತ್ರೆ, ಪ್ರಯೋಗಾಲಯಗಳಲ್ಲಾದರೆ ಸುರಕ್ಷತಾ ನಿಯಮಗಳ ಪ್ರತಿಯೂ ಬೇಕು. ಜೊತೆಗೆ ನೀವು ಕೆಲಸಕ್ಕೆ ತೊಡುವ ಉಡುಪಿನ ಒಂದು ಫೋಟೊ: ಎದುರಿನಿಂದ, ಪಕ್ಕದಿಂದ. ಫೋಟೊ ಏಕೆ ಎಂದು ಹಲವರು ಕೇಳುತ್ತಾರೆ. 'ತಲೆವಸ್ತ್ರ' ಎಂದು ಓದಿದಾಗ ಪ್ರತಿಯೊಬ್ಬರ ಕಣ್ಣ ಮುಂದೆ ಬೇರೆ ಬೇರೆ ಚಿತ್ರ ಬರುತ್ತದೆ. ಫೋಟೊ ನೋಡಿದ ಮೇಲೆ ಅರ್ಧ ಆತಂಕ ತಾನಾಗಿ ಇಳಿಯುತ್ತದೆ.

1. ಯಾವುದನ್ನು ಬಿಡಲಾರಿರಿ, ಯಾವುದನ್ನು ಬದಲಿಸಬಲ್ಲಿರಿ?

ಇದು ಯಾರೊಡನೆಯೂ ಮಾತಾಡುವ ಮೊದಲು ನಿಮ್ಮೊಳಗೆ ನೀವೇ ಮಾಡಬೇಕಾದ ಕೆಲಸ. ಒಂದು ಹಾಳೆಯ ಮಧ್ಯೆ ಗೆರೆ ಎಳೆಯಿರಿ. ಎಡಕ್ಕೆ ಬಿಡಲಾಗದ್ದು, ಬಲಕ್ಕೆ ಹೊಂದಿಸಬಹುದಾದದ್ದು. ಕೂದಲು ಮುಚ್ಚಿರಬೇಕು ಎಂಬುದು ಎಡಕ್ಕೆ. ಬಟ್ಟೆ ರೇಷ್ಮೆಯೇ ಹತ್ತಿಯೇ, ಅಂಚು ಭುಜದ ಮೇಲೆ ಇಳಿಬಿದ್ದಿರಬೇಕೇ ಎಂಬುದು ಬಲಕ್ಕೆ ಬರಬಹುದು. ಶಿಲುಬೆ ಮೈಮೇಲೆ ಇರಬೇಕು ಎಂಬುದು ಎಡಕ್ಕೆ. ಅದು ಹೊರಗೆ ಕಾಣಲೇಬೇಕೇ, ಸರದಲ್ಲೇ ಇರಬೇಕೇ ಎಂಬುದನ್ನು ನೀವೇ ತೀರ್ಮಾನಿಸಬೇಕು.

ಗೆರೆಯ ಯಾವ ಬದಿಗೆ ಯಾವುದು ಎಂದು ನಾನು ಹೇಳಲಾರೆ, ನಿಮ್ಮ ಸಹೋದ್ಯೋಗಿಯೂ ಹೇಳಲಾರರು. ಒಂದೇ ಧರ್ಮದ ಇಬ್ಬರ ಹಾಳೆಗಳು ಒಂದೇ ರೀತಿ ಇರುವುದಿಲ್ಲ. ಅನುಮಾನವಿದ್ದರೆ ನಿಮ್ಮ ಗುರುಗಳನ್ನೋ ಹಿರಿಯರನ್ನೋ ಕೇಳಿ ಬನ್ನಿ. ಕೆಲಸಕ್ಕಾಗಿ ಏನು ಬದಲಿಸಬಹುದು ಎಂದು ಅವರು ಹೇಳುವ ಮಾತು ಎಷ್ಟೋ ಸಲ ನೀವು ಎಣಿಸಿದ್ದಕ್ಕಿಂತ ಉದಾರವಾಗಿರುತ್ತದೆ.

ಎಚ್ಚರಿಕೆ: ಬಲಬದಿಯನ್ನು ಖಾಲಿ ಬಿಡಬೇಡಿ. ಹಾಗೆಯೇ ಎಡಬದಿಯಲ್ಲಿ ಇರುವುದನ್ನು ಸಂಕೋಚಕ್ಕೆ ಬಲಕ್ಕೆ ತಳ್ಳಬೇಡಿ. ಸೇರಿದ ದಿನ "ಪರವಾಗಿಲ್ಲ, ತೆಗೆಯುತ್ತೇನೆ" ಎಂದವರು ಆರು ತಿಂಗಳ ಬಳಿಕ "ಇನ್ನು ತೆಗೆಯಲಾರೆ" ಎಂದಾಗ ಅವರ ಮಾತಿಗೆ ಮೊದಲಿನ ತೂಕ ಇರುವುದಿಲ್ಲ.

2. ನಿಯಮ ಓದಿ, ಅದರ ಹಿಂದಿನ ಕಾರಣವನ್ನು ಹುಡುಕಿ

ವಸ್ತ್ರಸಂಹಿತೆಯ ಪ್ರತಿ ಸಾಲಿನ ಹಿಂದೆ ಸಾಮಾನ್ಯವಾಗಿ ನಾಲ್ಕರಲ್ಲಿ ಒಂದು ಕಾರಣ ಇರುತ್ತದೆ: ಅಪಾಯ ತಡೆಯುವುದು, ಸೋಂಕು ಅಥವಾ ಆಹಾರದ ಸ್ವಚ್ಛತೆ, ಗುರುತು ಪತ್ತೆ, ಇಲ್ಲವೇ ಸಂಸ್ಥೆ ಹೊರಗಿನವರಿಗೆ ಹೇಗೆ ಕಾಣಬೇಕು ಎಂಬ ಇಚ್ಛೆ. ಮೊದಲ ಮೂರಕ್ಕೆ ತೂಕ ಹೆಚ್ಚು. ಕೊನೆಯದಕ್ಕೆ ಎಷ್ಟು ತೂಕ ಎಂಬುದರ ಮೇಲೇ ಜಗತ್ತಿನ ನ್ಯಾಯಾಲಯಗಳಲ್ಲಿ ವಾದಗಳು ನಡೆದಿವೆ.

ಇದನ್ನು ಬಲು ಸ್ಪಷ್ಟವಾಗಿ ತೋರಿಸುವುದು 2013ರ ಜನವರಿಯಲ್ಲಿ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ ಒಟ್ಟಿಗೆ ಕೊಟ್ಟ ತೀರ್ಪು. ಬ್ರಿಟನ್ನಿನ ಇಬ್ಬರು ಮಹಿಳೆಯರು ಕೊರಳಲ್ಲಿ ಶಿಲುಬೆ ತೊಡಲು ಹಕ್ಕು ಕೇಳಿದ್ದರು. ಒಬ್ಬರು ವಿಮಾನ ಕಂಪನಿಯ ಸಿಬ್ಬಂದಿ ನಾಡಿಯಾ ಎವೀಡಾ. ಕಂಪನಿಯ ಆಕ್ಷೇಪ ಸಂಸ್ಥೆಯ ಚಹರೆಯ ಕುರಿತದ್ದು. ಅವರು ಗೆದ್ದರು. ಇನ್ನೊಬ್ಬರು ಆಸ್ಪತ್ರೆಯ ನರ್ಸ್ ಶರ್ಲಿ ಚಾಪ್ಲಿನ್. ರೋಗಿ ಸರವನ್ನು ಹಿಡಿದೆಳೆಯಬಹುದು, ಅದು ಗಾಯಕ್ಕೆ ತಾಗಬಹುದು ಎಂಬುದು ಆಸ್ಪತ್ರೆಯ ಆಕ್ಷೇಪ. ಸಮವಸ್ತ್ರಕ್ಕೆ ಚುಚ್ಚುವ ಬ್ರೂಚ್ ರೂಪದಲ್ಲಿ ಧರಿಸಿ, ಅಥವಾ ಎತ್ತರದ ಕತ್ತಿನ ಒಳ ಅಂಗಿಯೊಳಗೆ ಇಟ್ಟುಕೊಳ್ಳಿ ಎಂಬ ಸಲಹೆಗಳನ್ನು ಅವರು ಒಪ್ಪಿರಲಿಲ್ಲ. ಅವರು ಸೋತರು. ಅದೇ ಶಿಲುಬೆ, ಅದೇ ದೇಶ. ಫಲಿತಾಂಶವನ್ನು ಬದಲಿಸಿದ್ದು ನಿಯಮದ ಹಿಂದಿನ ಕಾರಣ. ಹಾಗಾಗಿ ಮೊದಲು ವಿನಯದಿಂದ ಕೇಳಬೇಕಾದ ಪ್ರಶ್ನೆ: "ಈ ನಿಯಮ ಯಾವುದನ್ನು ತಡೆಯಲು ಇದೆ?" ಉತ್ತರ ಗೊತ್ತಾದರೆ ಪರಿಹಾರ ಹುಡುಕಬಹುದು.

ಕಾನೂನಿನ ವಿಷಯದಲ್ಲಿ ಕೆಲವು ಪದಗಳು ಪದೇಪದೇ ಎದುರಾಗುತ್ತವೆ. 'ಸಮಂಜಸ ಹೊಂದಾಣಿಕೆ' ಎಂದರೆ ಸಂಸ್ಥೆಗೆ ಭಾರಿ ಹೊರೆಯಾಗದಂತೆ ನಿಯಮದಲ್ಲಿ ಮಾಡಿಕೊಡುವ ಸಣ್ಣ ಬದಲಾವಣೆ. 'ಪರೋಕ್ಷ ತಾರತಮ್ಯ' ಎಂದರೆ ಎಲ್ಲರಿಗೂ ಒಂದೇ ಎಂದು ಕಂಡರೂ ಒಂದು ಧರ್ಮದವರಿಗೆ ಮಾತ್ರ ಹೆಚ್ಚು ಪೆಟ್ಟು ಕೊಡುವ ನಿಯಮ. 'ಯಾರೂ ತಲೆ ಮುಚ್ಚಬಾರದು' ಎಂಬುದು ಇದಕ್ಕೆ ಉದಾಹರಣೆ. 'ತಟಸ್ಥತಾ ನೀತಿ' ಎಂದರೆ ಯಾವ ಧರ್ಮದ, ರಾಜಕೀಯದ, ತತ್ವದ ಗುರುತನ್ನೂ ಸಿಬ್ಬಂದಿ ತೋರಿಸಬಾರದು ಎಂಬ ಆದೇಶ.

ದೇಶದಿಂದ ದೇಶಕ್ಕೆ ಈ ಪದಗಳ ಬಲ ಬೇರೆ ಬೇರೆ. ಅಮೆರಿಕದಲ್ಲಿ 1964ರ ನಾಗರಿಕ ಹಕ್ಕುಗಳ ಕಾಯ್ದೆ ಹೊಂದಾಣಿಕೆಯ ಹೊಣೆಯನ್ನು ಉದ್ಯೋಗದಾತರ ಮೇಲೆ ಹೊರಿಸುತ್ತದೆ. ಅಲ್ಪಸ್ವಲ್ಪ ಖರ್ಚಾಗುತ್ತದೆ ಎಂಬ ನೆಪ ಸಾಲದು ಎಂದು ಅಲ್ಲಿನ ಸುಪ್ರೀಂ ಕೋರ್ಟ್ 2023ರಲ್ಲಿ ಹೇಳಿತು. ಯುರೋಪಿನ ಒಕ್ಕೂಟದಲ್ಲಿ ಖಾಸಗಿ ಸಂಸ್ಥೆಗಳು ತಟಸ್ಥತಾ ನೀತಿ ತರಬಹುದು. ಆದರೆ ಅದರ ನಿಜವಾದ ಅಗತ್ಯವನ್ನು ತೋರಿಸಬೇಕು, ದೊಡ್ಡದಾಗಿ ಕಾಣುವ ಗುರುತುಗಳನ್ನು ಮಾತ್ರ ನಿಷೇಧಿಸಿದರೆ ಅದು ನೇರ ತಾರತಮ್ಯವಾಗಬಹುದು ಎಂದು ಒಕ್ಕೂಟದ ನ್ಯಾಯಾಲಯ 2021ರಲ್ಲಿ ತಿಳಿಸಿತು. ಗ್ರಾಹಕರೊಬ್ಬರು "ಮುಂದಿನ ಸಲ ತಲೆವಸ್ತ್ರದವರು ಬೇಡ" ಎಂದರೆ ಅದನ್ನೇ ಕೆಲಸದ ಅನಿವಾರ್ಯತೆ ಎನ್ನಲಾಗದು ಎಂದು ಅದೇ ನ್ಯಾಯಾಲಯ 2017ರಲ್ಲೇ ಹೇಳಿದೆ. ಫ್ರಾನ್ಸಿನಲ್ಲಿ ಸರ್ಕಾರಿ ನೌಕರರು ಕರ್ತವ್ಯದ ವೇಳೆ ಧಾರ್ಮಿಕ ಗುರುತು ತೋರಿಸುವಂತಿಲ್ಲ. ಕೆನಡಾದ ಕ್ವಿಬೆಕ್ ಪ್ರಾಂತ್ಯದಲ್ಲಿ 2019ರ ಕಾಯ್ದೆ ಸರ್ಕಾರಿ ಶಾಲೆಗಳ ಶಿಕ್ಷಕರು, ಪೊಲೀಸರು, ಸರ್ಕಾರಿ ವಕೀಲರಿಗೆ ಇಂಥದೇ ನಿರ್ಬಂಧ ಹಾಕಿದೆ. ಭಾರತದ ಸಂವಿಧಾನದ 25ನೇ ವಿಧಿಯ ವಿವರಣೆಯೇ ಕಿರ್ಪಾನ್ ಧರಿಸುವುದು ಸಿಖ್ ಧರ್ಮಾಚರಣೆಯ ಭಾಗ ಎನ್ನುತ್ತದೆ; ಆದರೆ ವಾಯುಪಡೆಯಲ್ಲಿ ಗಡ್ಡ ಬಿಡಲು ಮುಸ್ಲಿಂ ಸಿಬ್ಬಂದಿಯೊಬ್ಬರು ಕೇಳಿದ ಹಕ್ಕನ್ನು ಸುಪ್ರೀಂ ಕೋರ್ಟ್ 2016ರಲ್ಲಿ ಮಾನ್ಯ ಮಾಡಲಿಲ್ಲ.

ಎಚ್ಚರಿಕೆ: ಒಂದು ದೇಶದ ತೀರ್ಪಿನ ತುಣುಕನ್ನು ಮೊಬೈಲಿನಲ್ಲಿ ಓದಿ ಇನ್ನೊಂದು ದೇಶದ ಮೇಲಧಿಕಾರಿಗೆ ಕಳಿಸಬೇಡಿ. ನೀವು ಕೆಲಸ ಮಾಡುವ ಜಾಗದ ಕಾನೂನು, ಅದರಲ್ಲೂ ಸರ್ಕಾರಿ ನೌಕರಿಯೋ ಖಾಸಗಿಯೋ ಎಂಬುದನ್ನು ಮೊದಲು ತಿಳಿದುಕೊಳ್ಳಿ.

3. ಯಾವಾಗ ಹೇಳಬೇಕು?

ಕಾಣುವ ಉಡುಪಾದರೆ ಸಂದರ್ಶನಕ್ಕೆ ಅದನ್ನೇ ತೊಟ್ಟು ಹೋಗಿ. ಅದಕ್ಕಿಂತ ಚೆನ್ನಾಗಿ ಯಾವ ಮಾತೂ ಹೇಳಲಾರದು. ಸಂದರ್ಶನದಲ್ಲಿ ನೀವಾಗಿ ವಿಷಯ ಎತ್ತುವ ಅಗತ್ಯವಿಲ್ಲ. ಅವರು ಕೇಳಿದರೆ ಒಂದು ವಾಕ್ಯದಲ್ಲಿ ಉತ್ತರಿಸಿ ಕೆಲಸದ ಮಾತಿಗೆ ಮರಳಿ. 2008ರಲ್ಲಿ ಅಮೆರಿಕದ ಬಟ್ಟೆ ಅಂಗಡಿಯೊಂದರ ಸಂದರ್ಶನಕ್ಕೆ ಸಮಂತಾ ಎಲಾಫ್ ಎಂಬ ಯುವತಿ ಕಪ್ಪು ತಲೆವಸ್ತ್ರದಲ್ಲಿ ಹೋಗಿದ್ದರು. ಯಾರೂ ಅದರ ಬಗ್ಗೆ ಕೇಳಲಿಲ್ಲ, ಆದರೆ ಅದೇ ಕಾರಣಕ್ಕೆ ಕೆಲಸ ಕೊಡಲಿಲ್ಲ. ಅರ್ಜಿದಾರರು ಬಾಯಿಬಿಟ್ಟು ಹೇಳಿರಲಿಲ್ಲ ಎಂಬುದು ಸಂಸ್ಥೆಗೆ ರಕ್ಷಣೆಯಾಗದು ಎಂದು 2015ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಹೇಳಿತು.

ಕಾಣದ್ದಾದರೆ, ಅಂದರೆ ಅಂಗಿಯೊಳಗಿನ ಕಿರ್ಪಾನ್, ಇಷ್ಟಲಿಂಗ, ತೋಳಿನ ತಾಯಿತ ಇಂಥವಾದರೆ, ನೇಮಕಾತಿ ಪತ್ರ ಕೈಗೆ ಬಂದ ಮೇಲೆ, ಕೆಲಸ ಆರಂಭಿಸುವ ಮೊದಲು ಹೇಳಿ. ಕಿರ್ಪಾನ್ ವಿಷಯದಲ್ಲಿ ಇದು ಅತಿ ಮುಖ್ಯ. ಭದ್ರತಾ ತಪಾಸಣೆಯ ಬಾಗಿಲಲ್ಲಿ ಅದು ಪತ್ತೆಯಾಗಿ, ಅದೇನೆಂದು ತಿಳಿಯದ ಕಾವಲುಗಾರರಿಗೆ ಗಾಬರಿಯಲ್ಲಿ ವಿವರಿಸುವ ಪರಿಸ್ಥಿತಿ ಯಾರಿಗೂ ಬೇಡ.

4. ಬರೆದು ಕೇಳಿ

ಬಾಯಿಮಾತಿನ ಒಪ್ಪಿಗೆ ಅದನ್ನು ಕೊಟ್ಟ ವ್ಯಕ್ತಿ ವರ್ಗವಾದ ದಿನ ಮುಗಿದುಹೋಗುತ್ತದೆ. ಇಮೇಲ್ ಸಾಕು, ಆದರೆ ಬರಹದಲ್ಲಿರಲಿ. ಹೀಗೆ ಬರೆಯಬಹುದು:

"ಮಾನ್ಯರೇ, ನಾನು ಧಾರ್ಮಿಕ ಕಾರಣಕ್ಕಾಗಿ ಕೆಲಸದ ವೇಳೆ ತಲೆಗೆ ವಸ್ತ್ರ ತೊಡುತ್ತೇನೆ. ವಸ್ತ್ರಸಂಹಿತೆಯ ಇಂಥ ಕಲಮಿನಲ್ಲಿ ತಲೆ ಮುಚ್ಚಬಾರದು ಎಂದಿದೆ. ಸಮವಸ್ತ್ರದ ಬಣ್ಣದ್ದೇ, ಪಿನ್ನಿಲ್ಲದ, ಅಂಚುಗಳನ್ನು ಅಂಗಿಯೊಳಗೆ ಸಿಕ್ಕಿಸಿದ ವಸ್ತ್ರ ತೊಡಲು ಸಿದ್ಧಳಿದ್ದೇನೆ. ಫೋಟೊ ಲಗತ್ತಿಸಿದ್ದೇನೆ. ಮುಖ ಪೂರ್ಣ ಕಾಣುತ್ತದೆ. ಸುರಕ್ಷತೆಯ ದೃಷ್ಟಿಯಿಂದ ಬೇರೇನಾದರೂ ಬೇಕಿದ್ದರೆ ತಿಳಿಸಿ, ಮಾತಾಡಲು ಬರುತ್ತೇನೆ. ಕೆಲಸ ಆರಂಭಿಸುವ ಮೊದಲು ತಮ್ಮ ಲಿಖಿತ ಉತ್ತರ ಸಿಕ್ಕರೆ ಉಪಕಾರವಾಗುತ್ತದೆ."

ಇಷ್ಟೇ. ಇದರಲ್ಲಿ ಶ್ಲೋಕವಿಲ್ಲ, ಧರ್ಮಗ್ರಂಥದ ವಚನವಿಲ್ಲ, ಬೆದರಿಕೆಯೂ ಇಲ್ಲ. ಏನು ಬೇಕು, ಯಾವ ನಿಯಮ ಅಡ್ಡಿ, ನಾನೇನು ಮಾಡಲು ಸಿದ್ಧ, ಉತ್ತರ ಯಾವಾಗ ಬೇಕು: ಈ ನಾಲ್ಕು ಇವೆ. ನಿಮ್ಮ ಆಚರಣೆ ಎಲ್ಲರಿಗೂ ಪರಿಚಿತವಲ್ಲದಿದ್ದರೆ ಎರಡು ಸಾಲಿನ ವಿವರಣೆ ಸೇರಿಸಿ, ಅಷ್ಟಕ್ಕೇ ನಿಲ್ಲಿಸಿ.

ನಿರಾಕರಣೆ ಬಂದರೆ "ಯಾವ ಕಾರಣಕ್ಕೆ, ಯಾವ ಪರ್ಯಾಯಗಳನ್ನು ಪರಿಶೀಲಿಸಲಾಯಿತು?" ಎಂದು ಬರಹದಲ್ಲೇ ಕೇಳಿ. ಅದರಾಚೆಯದು ಕಾರ್ಮಿಕ ಸಂಘದ, ವಕೀಲರ ಹತ್ತಿರ ಕೊಂಡೊಯ್ಯುವ ವಿಷಯ. ಈ ಪತ್ರವ್ಯವಹಾರವೇ ಅಲ್ಲಿ ನಿಮ್ಮ ಕೈಯಲ್ಲಿರುವ ಆಧಾರ.

5. ಬಟ್ಟೆಯನ್ನು ಕೆಲಸಕ್ಕೆ ಹೊಂದಿಸಿ

ನಾನು ಅತಿ ಹೆಚ್ಚು ಹೊತ್ತು ಮಾತಾಡಬಯಸುವ ಹಂತ ಇದು, ಏಕೆಂದರೆ ಜೀವಕ್ಕೆ ಅಪಾಯ ಇರುವುದು ಇಲ್ಲಿ.

ಮೊದಲು ಮನೆಯಲ್ಲಿ ಒಂದು ಪರೀಕ್ಷೆ. ಕನ್ನಡಿಯ ಮುಂದೆ ಕೆಲಸದ ಉಡುಪು ತೊಟ್ಟು ನಿಲ್ಲಿ. ಸೊಂಟದಿಂದ ಪೂರ್ತಿ ಬಾಗಿ, ನೆಲದಿಂದ ಏನನ್ನೋ ಎತ್ತಿಕೊಳ್ಳುವಂತೆ. ತಲೆಯನ್ನು ಎಡಕ್ಕೆ, ಬಲಕ್ಕೆ ತಿರುಗಿಸಿ. ಕಣ್ಣಂಚಿನಲ್ಲಿ ಬಟ್ಟೆ ಅಡ್ಡ ಬರುತ್ತಿದೆಯೇ? ಎರಡೂ ಕೈ ಮೇಲೆತ್ತಿ. ಯಾವ ತುದಿಯಾದರೂ ಹೊರಗೆ ಜಾರಿ ನೇತಾಡಿದರೆ, ಸರ ಅಂಗಿಯಿಂದ ಹೊರಬಿದ್ದು ತೂಗಿದರೆ, ಅದೇ ತುದಿ, ಅದೇ ಸರ ನಾಳೆ ಯಂತ್ರಕ್ಕೆ ಸಿಗುವುದು.

ತಿರುಗುವ ಯಂತ್ರ: ಕೊರೆಯುವ ಯಂತ್ರ, ಲೇತ್, ಕನ್ವೇಯರ್ ಬೆಲ್ಟ್ ಇರುವಲ್ಲಿ ಸಡಿಲ ಬಟ್ಟೆ, ಉದ್ದನೆಯ ಸರ, ಸುತ್ತಿ ಇಳಿಬಿಟ್ಟ ಸೆರಗು ಸಲ್ಲವು. ತಿರುಗುವ ದಂಡಕ್ಕೆ ಸಿಕ್ಕ ಬಟ್ಟೆಯನ್ನು ಕೈಯಿಂದ ಎಳೆದು ಬಿಡಿಸಿಕೊಳ್ಳುವಷ್ಟು ಸಮಯ ಯಂತ್ರ ಕೊಡುವುದಿಲ್ಲ. ತಲೆಗೆ ಸುತ್ತುವ ವಸ್ತ್ರದ ಬದಲು ಒಂದೇ ತುಂಡಿನ, ಟೋಪಿಯಂತೆ ಎಳೆದುಕೊಳ್ಳುವ ಹಿಜಾಬ್ ಸಿಗುತ್ತದೆ. ಎಳೆದರೆ ತಾನೇ ಬಿಚ್ಚಿಕೊಳ್ಳುವ ಅಂಟುಪಟ್ಟಿಯಿರುವವೂ ಸಿಗುತ್ತವೆ. ಅವುಗಳ ತುದಿ ಅಂಗಿಯೊಳಗೆ ಇರಲಿ. ಕೊರಳ ಸರವಾದರೆ ಎಳೆತಕ್ಕೆ ಕಳಚಿಕೊಳ್ಳುವ ಕೊಂಡಿ ಹಾಕಿಸಿ, ಇಲ್ಲವೇ ಪದಕವನ್ನು ಒಳ ಅಂಗಿಗೆ ಹೊಲಿದ ಪುಟ್ಟ ಜೇಬಿನಲ್ಲಿಡಿ.

ಬೆಂಕಿ ಮತ್ತು ಬಿಸಿ: ಪಾಲಿಯೆಸ್ಟರ್ ಬಟ್ಟೆ ಬಿಸಿಗೆ ಕರಗಿ ಚರ್ಮಕ್ಕೆ ಅಂಟುತ್ತದೆ. ಬೆಸುಗೆ, ಕುಲುಮೆ, ಪ್ರಯೋಗಾಲಯದ ಬರ್ನರ್ ಬಳಿ ಕೆಲಸವಿದ್ದರೆ ಬೆಂಕಿ ತಡೆಯುವ ಬಟ್ಟೆಯದೇ ಆಗಬೇಕು. ಅದನ್ನು ಒದಗಿಸಲು ಸಂಸ್ಥೆಯನ್ನೇ ಕೇಳಿ; ಕೈಗವಸು ಕೊಡುವವರು ಇದನ್ನೂ ಕೊಡಬೇಕು ಎಂಬುದು ನನ್ನ ದೃಢ ಅಭಿಪ್ರಾಯ.

ಹೆಲ್ಮೆಟ್ ಮತ್ತು ಪೇಟ: ಪೇಟದ ಮೇಲೆ ಹೆಲ್ಮೆಟ್ ಸರಿಯಾಗಿ ಕೂರುವುದಿಲ್ಲ, ಕೂರದ ಹೆಲ್ಮೆಟ್ ರಕ್ಷಿಸುವುದೂ ಇಲ್ಲ. ಬ್ರಿಟನ್ನಿನಲ್ಲಿ ಪೇಟ ಧರಿಸಿದ ಸಿಖ್ಖರಿಗೆ 1989ರ ಕಾಯ್ದೆ ಕಟ್ಟಡ ನಿರ್ಮಾಣ ಸ್ಥಳಗಳಲ್ಲಿ ಹೆಲ್ಮೆಟ್‌ನಿಂದ ವಿನಾಯಿತಿ ಕೊಟ್ಟಿತು. 2015ರಲ್ಲಿ ಅದನ್ನು ಬಹುತೇಕ ಎಲ್ಲ ಕೆಲಸದ ಸ್ಥಳಗಳಿಗೆ ವಿಸ್ತರಿಸಿದರು. ಆದರೆ ಅದೇ ಕಾಯ್ದೆಯ ಇನ್ನೊಂದು ಮುಖವನ್ನು ಓದದೆ ಮುಂದೆ ಹೋಗಬೇಡಿ: ಹೆಲ್ಮೆಟ್ ಇಲ್ಲದ್ದರಿಂದ ಹೆಚ್ಚಾದ ಗಾಯಕ್ಕೆ ಪರಿಹಾರ ಕೊಡುವ ಹೊಣೆ ಉದ್ಯೋಗದಾತರದ್ದಲ್ಲ. ವಿನಾಯಿತಿ ತೆಗೆದುಕೊಂಡವರು ಆ ಅಪಾಯವನ್ನೂ ತಾವೇ ಹೊರುತ್ತಾರೆ. ಎಷ್ಟೋ ಕಡೆ ಮೇಲಿನಿಂದ ವಸ್ತು ಬೀಳದ ಜಾಗಕ್ಕೆ ಕೆಲಸ ಬದಲಿಸಿಕೊಳ್ಳುವುದೇ ಎರಡೂ ಕಡೆಗೆ ಒಳಿತು. ವೇತನ, ಬಡ್ತಿ ಕಡಿಮೆಯಾಗದಂತೆ ಅದು ನಡೆಯಬೇಕೆಂದು ಕೇಳಿ.

ಗಡ್ಡ ಮತ್ತು ಉಸಿರಾಟದ ಮುಖಗವಸು: ಮುಖಕ್ಕೆ ಬಿಗಿಯಾಗಿ ಅಂಟಿಕೊಳ್ಳುವ ಗವಸು ಗಡ್ಡದ ಮೇಲೆ ಕೂತರೆ ಸಂದಿನಿಂದ ಗಾಳಿ ಸೋರುತ್ತದೆ. ಇದಕ್ಕೆ ಬ್ಯಾಟರಿಯ ಫ್ಯಾನಿನಿಂದ ಶುದ್ಧ ಗಾಳಿ ಊದುವ, ತಲೆಯ ಮೇಲಿಂದ ಸಡಿಲವಾಗಿ ಇಳಿಯುವ ಮುಸುಕು ಸಿಗುತ್ತದೆ. ಬೆಲೆ ಹೆಚ್ಚು, ಆದರೆ ಗಡ್ಡ ತೆಗೆಯಬೇಕಿಲ್ಲ. "ಗಡ್ಡ ಬೋಳಿಸಿ ಅಥವಾ ಕೆಲಸ ಬಿಡಿ" ಎಂದವರಿಗೆ ಈ ಸಾಧನದ ವಿಷಯ ಗೊತ್ತೇ ಎಂದು ಮೊದಲು ಕೇಳಿ.

ಆಸ್ಪತ್ರೆ: ಮೊಣಕೈಯಿಂದ ಕೆಳಗೆ ಏನೂ ಇರಬಾರದು ಎಂಬ ನಿಯಮ ಹಲವೆಡೆ ಇದೆ, ಕೈಯನ್ನು ಮಣಿಕಟ್ಟಿನವರೆಗೂ ತೊಳೆಯಬೇಕಾದ್ದರಿಂದ ಅದು ಸಕಾರಣ. ಬ್ರಿಟನ್ನಿನ ಸಾರ್ವಜನಿಕ ಆರೋಗ್ಯ ಸೇವೆ ಇದಕ್ಕೊಂದು ದಾರಿ ಮಾಡಿದೆ: ತೋಳು ಮುಚ್ಚಬಯಸುವವರು ಪ್ರತಿ ರೋಗಿಗೂ ಬದಲಿಸಿ ಎಸೆಯುವ ತೋಳುಚೀಲ ಹಾಕಿಕೊಳ್ಳಬಹುದು, ಕಡ ತೊಡುವವರು ಅದನ್ನು ಮೇಲೆ ಸರಿಸಿ ಜಾರದಂತೆ ಬಿಗಿದುಕೊಳ್ಳಬಹುದು. ಶಸ್ತ್ರಚಿಕಿತ್ಸಾ ಕೊಠಡಿಗೆ ಒಮ್ಮೆ ಬಳಸಿ ಎಸೆಯುವ ಹಿಜಾಬ್‌ಗಳನ್ನು ಇಂಗ್ಲೆಂಡಿನ ಡರ್ಬಿಯ ಆಸ್ಪತ್ರೆಯೊಂದು 2019ರಲ್ಲಿ ತಂದಿತು. ಬೆಳಗ್ಗೆಯಿಂದ ತೊಟ್ಟು ಬಂದ ವಸ್ತ್ರದಲ್ಲೇ ಒಳಗೆ ಹೋಗುವ ಚಿಂತೆ ಅಲ್ಲಿಗೆ ತೀರಿತು.

ಒಬ್ಬ ಯುವ ಸಹೋದ್ಯೋಗಿ ಕೈ ತೊಳೆಯುವ ಮುನ್ನ ತನ್ನ ಕಡವನ್ನು ಮುಂಗೈಯಿಂದ ಮೇಲಕ್ಕೆ ಸರಿಸುವುದನ್ನು ನಾನು ಹತ್ತಿರದಿಂದ ನೋಡಿದ್ದೇನೆ. ಬೆರಳುಗಳಿಂದ ಉಕ್ಕಿನ ಬಳೆಯನ್ನು ತಿರುಗಿಸುತ್ತ ಮೊಣಕೈಯ ಹತ್ತಿರ ತಂದು, ಅದು ಮಾಂಸಲ ಭಾಗದಲ್ಲಿ ಬಿಗಿಯಾಗಿ ನಿಂತ ಮೇಲೆ ಮೇಲೊಂದು ಪಟ್ಟಿ ಸುತ್ತಿಕೊಳ್ಳುತ್ತಿದ್ದ. ಇಪ್ಪತ್ತು ಸೆಕೆಂಡಿನ ಕೆಲಸ. ಅದನ್ನು ಕಂಡ ಬಳಿಕ ಆ ವಿಭಾಗದಲ್ಲಿ ಯಾರೂ ಆ ವಿಷಯ ಎತ್ತಲಿಲ್ಲ.

ಕೆಲವೆಡೆ ಮಾತ್ರ ಮೇಲೆ ಸರಿಸಿದರೂ ಸಾಲದು. ಎಂಆರ್‌ಐ ಕೊಠಡಿಯ ಅಯಸ್ಕಾಂತ ಕಬ್ಬಿಣದ ವಸ್ತುವನ್ನು ಸೆಳೆಯುತ್ತದೆ. ವಿದ್ಯುತ್ ಹರಿಯುತ್ತಿರುವ ತಂತಿಯ ಬಳಿ ಮೈಮೇಲಿನ ಯಾವ ಲೋಹವೂ ಅಪಾಯ. ಅಲ್ಲಿ ತೆಗೆಯಬೇಕು, ತೆಗೆಯಲಾರದಿದ್ದರೆ ಆ ಕೊಠಡಿಯ ಕೆಲಸವನ್ನೇ ಬದಲಿಸಿಕೊಳ್ಳಬೇಕು. ಮೂರನೆಯ ದಾರಿ ಇಲ್ಲ.

ಆಹಾರ ತಯಾರಿಕೆಯಲ್ಲಿ ಪಿನ್ನು, ಮಣಿ, ಮಿಂಚುಹರಳು ಬೇಡವೇ ಬೇಡ. ಗಡ್ಡಕ್ಕೆ ಬಲೆ, ಕಿಪ್ಪಾ ಮತ್ತು ತಲೆವಸ್ತ್ರದ ಮೇಲೆ ಕೂದಲ ಬಲೆ. ಕಚೇರಿಯಲ್ಲಾದರೆ ಬಣ್ಣ ಹೊಂದಿಸಿಕೊಂಡರೆ ಮುಗಿಯಿತು.

6. ಮೊದಲ ವಾರದ ಪ್ರಶ್ನೆಗಳು

ಕುತೂಹಲದ ಪ್ರಶ್ನೆಗಳು ಬಂದೇ ಬರುತ್ತವೆ. "ಸೆಖೆಯಾಗುವುದಿಲ್ಲವೇ?" "ಮಲಗುವಾಗಲೂ ಹಾಕಿಕೊಳ್ಳುತ್ತೀರಾ?" "ಮನೆಯವರ ಬಲವಂತವೇ?" ಇವುಗಳಲ್ಲಿ ಹೆಚ್ಚಿನವು ಕೆಟ್ಟ ಮನಸ್ಸಿನಿಂದ ಬಂದವಲ್ಲ. ಒಂದು ಚಿಕ್ಕ ಉತ್ತರವನ್ನು ಮೊದಲೇ ಸಿದ್ಧವಾಗಿಟ್ಟುಕೊಳ್ಳಿ: "ಇದು ನನ್ನ ನಂಬಿಕೆಯ ಭಾಗ, ನಾನೇ ಇಷ್ಟಪಟ್ಟು ತೊಡುತ್ತೇನೆ." ಮುಂದುವರಿಸಲು ಮನಸ್ಸಿದ್ದರೆ "ಊಟದ ಹೊತ್ತಿಗೆ ಮಾತಾಡೋಣ" ಎನ್ನಿ, ಇಲ್ಲದಿದ್ದರೆ ಅಲ್ಲಿಗೇ ಬಿಡಿ. ನೀವು ನಿಮ್ಮ ಧರ್ಮದ ವಕ್ತಾರರಲ್ಲ. ಜಗತ್ತಿನ ಇನ್ನಾವುದೋ ಮೂಲೆಯಲ್ಲಿ ನಿಮ್ಮ ಧರ್ಮದವರು ಮಾಡಿದ್ದಕ್ಕೆ ಉತ್ತರ ಕೊಡುವ ಹೊಣೆಯೂ ನಿಮ್ಮದಲ್ಲ. "ಅದರ ಬಗ್ಗೆ ನನಗೂ ಸುದ್ದಿಯಲ್ಲಿ ಬಂದಷ್ಟೇ ಗೊತ್ತು" ಎಂದರೆ ಸಾಕು.

ಮುಟ್ಟುವುದನ್ನು ಮಾತ್ರ ಮೊದಲ ಸಲವೇ ನಿಲ್ಲಿಸಿ. ಪೇಟ, ತಲೆವಸ್ತ್ರ, ಕೊರಳ ಮಾಲೆ ಯಾವುದನ್ನೂ ಯಾರೂ ಕೇಳದೆ ಮುಟ್ಟಬಾರದು. "ದಯವಿಟ್ಟು ಮುಟ್ಟಬೇಡಿ" ಎಂದು ದನಿ ಏರಿಸದೆ, ನಗೆಯಲ್ಲಿ ಮುಚ್ಚಿಡದೆ ಹೇಳಿ.

7. ಬೇರೆ ಧರ್ಮದವರು ಎದುರಾದಾಗ

ತಮ್ಮ ಉಡುಪಿಗೆ ಗೌರವ ಕೇಳಿದವರು ಇತರರ ಉಡುಪಿಗೆ ಅದನ್ನೇ ಕೊಡಬೇಕು ಎಂಬುದು ಎಲ್ಲರಿಗೂ ಗೊತ್ತು. ಆದರೆ ಎಡವುವುದು ಸಣ್ಣ ಸಂಗತಿಗಳಲ್ಲಿ.

ಕೈಕುಲುಕುವುದು ಅಂಥದ್ದೊಂದು. ಕೆಲವು ಮುಸ್ಲಿಮರು ಮತ್ತು ಸಂಪ್ರದಾಯಸ್ಥ ಯಹೂದಿಗಳು ಪರಸ್ತ್ರೀ ಅಥವಾ ಪರಪುರುಷರ ಕೈ ಕುಲುಕುವುದಿಲ್ಲ. ಎದೆಯ ಮೇಲೆ ಕೈ ಇಟ್ಟು ತಲೆ ಬಾಗುವುದು ಅವಮಾನವಲ್ಲ, ಅದೇ ವಂದನೆ. ನೀವೂ ಹಾಗೆಯೇ ತಲೆ ಬಾಗಿ, ಮಾತು ಮುಂದುವರಿಸಿ. ಸ್ವೀಡನ್ನಿನಲ್ಲಿ ಯುವತಿಯೊಬ್ಬರು ಸಂದರ್ಶನದಲ್ಲಿ ಕೈ ಕುಲುಕದೆ ಎದೆಯ ಮೇಲೆ ಕೈ ಇಟ್ಟದ್ದಕ್ಕೆ ಸಂದರ್ಶನವೇ ನಿಂತಿತು. 2018ರಲ್ಲಿ ಅಲ್ಲಿನ ಕಾರ್ಮಿಕ ನ್ಯಾಯಾಲಯ ಅವರಿಗೆ 40,000 ಕ್ರೋನರ್ ಪರಿಹಾರ ಕೊಡಿಸಿತು. ಕೈ ಕುಲುಕದವರಿಗೂ ಒಂದು ಮಾತು: ಎದುರಿನವರು ಕೈ ಚಾಚುವ ಮುನ್ನವೇ ನಿಮ್ಮ ಕೈ ಎದೆಯ ಮೇಲಿರಲಿ. ಚಾಚಿದ ಕೈ ಗಾಳಿಯಲ್ಲಿ ಉಳಿದರೆ ಇಬ್ಬರಿಗೂ ನೋವು.

ಉಡುಪು ನೋಡಿ ಮನುಷ್ಯನ ಆಚರಣೆಯನ್ನು ಊಹಿಸಬೇಡಿ. ತಲೆವಸ್ತ್ರ ತೊಟ್ಟವರು ಸಂಗೀತ ಕೇಳುವುದಿಲ್ಲ, ತಿಲಕವಿಟ್ಟವರು ಹೀಗೆಯೇ ಊಟ ಮಾಡುತ್ತಾರೆ ಎಂದು ಎಣಿಸಿ ಅವರ ಪರವಾಗಿ ತೀರ್ಮಾನ ತೆಗೆದುಕೊಳ್ಳುವುದು ಉಪಕಾರದಂತೆ ಕಂಡರೂ ದೂರ ಇಡುವ ಕೆಲಸ. ಎಲ್ಲರನ್ನೂ ಕೇಳುವ ಪ್ರಶ್ನೆಯನ್ನೇ ಅವರನ್ನೂ ಕೇಳಿ: "ನಿಮಗೇನು ಬೇಕು?"

ಅದೇ ಧರ್ಮದ ಇಬ್ಬರ ನಡುವಿನದು ಇನ್ನೂ ನಾಜೂಕು. ಉಡುಪು ತೊಡುವವರು, ತೊಡದ ತಮ್ಮವರನ್ನು "ನೀನೇಕೆ ತೊಡುವುದಿಲ್ಲ?" ಎಂದು ಕಚೇರಿಯಲ್ಲಿ ಕೇಳುವುದು ನಾನು ಕಂಡ ಅತಿ ನೋವಿನ ಪ್ರಸಂಗಗಳಲ್ಲಿ ಒಂದು. ಹೊರಗಿನವರ ಪ್ರಶ್ನೆಗಿಂತ ಅದು ಆಳಕ್ಕೆ ಇಳಿಯುತ್ತದೆ. ದಯವಿಟ್ಟು ಕೇಳಬೇಡಿ.

ಇನ್ನು ನಂಬಿಕೆಯ ಮಾತು. ಯಾರಾದರೂ ಕೇಳಿದರೆ ಹೇಳುವುದು ಬೇರೆ, ಕೇಳದವರ ಮೇಜಿನ ಮೇಲೆ ಕಿರುಹೊತ್ತಗೆ ಇಡುವುದು ಬೇರೆ. ಅದರಲ್ಲೂ ನೀವು ಮೇಲಧಿಕಾರಿಯಾಗಿದ್ದರೆ ನಿಮ್ಮ ಕೈಕೆಳಗಿನವರು "ಬೇಡ" ಎನ್ನಲಾರರು ಎಂಬುದನ್ನು ನೆನಪಿಡಿ. ರೋಗಿಗಳು, ವಿದ್ಯಾರ್ಥಿಗಳು, ಅರ್ಜಿ ಹಿಡಿದು ಸರತಿಯಲ್ಲಿ ನಿಂತವರು ನಿಮ್ಮ ಉಡುಪನ್ನು ಕಂಡು "ನನಗೆ ಇಲ್ಲಿ ನ್ಯಾಯ ಸಿಕ್ಕೀತೇ?" ಎಂದು ಒಂದು ಕ್ಷಣ ಅಳುಕಬಹುದು. ಆ ಅಳುಕಿಗೆ ಸಿಟ್ಟಾಗಬೇಡಿ. ಸರತಿಯಲ್ಲಿ ಮುಂದೆ ಇರುವವರನ್ನು ಮೊದಲು ಕರೆಯಿರಿ, ಹೆಸರನ್ನು ಸರಿಯಾಗಿ ಉಚ್ಚರಿಸಿ, ಅವರ ಕೆಲಸ ಮಾಡಿಕೊಡಿ.

ಗ್ರಾಹಕರೊಬ್ಬರು "ಬೇರೆಯವರನ್ನು ಕರೆಯಿರಿ" ಎಂದರೆ ವಾದಕ್ಕೆ ಇಳಿಯದೆ ಮೇಲ್ವಿಚಾರಕರನ್ನು ಕರೆಯಿರಿ. ಉತ್ತರ ಕೊಡಬೇಕಾದದ್ದು ಸಂಸ್ಥೆ.

8. ಕಿರುಕುಳವಾದರೆ

ತಿಳಿಯದೆ ಕೇಳಿದ ಪ್ರಶ್ನೆ ಒಂದು, ಬೇಡವೆಂದ ಮೇಲೂ ಮುಂದುವರಿದ ಅಣಕ ಇನ್ನೊಂದು. ಎರಡನೆಯದು ಕಿರುಕುಳ. ಅದೇ ದಿನ ಬರೆದಿಡಿ: ದಿನಾಂಕ, ಸಮಯ, ಜಾಗ, ಆಡಿದ ಮಾತು ಇದ್ದದ್ದು ಇದ್ದಂತೆ, ಅಲ್ಲಿದ್ದವರು ಯಾರು. "ಅವರು ಯಾವಾಗಲೂ ಹಂಗಿಸುತ್ತಾರೆ" ಎಂಬ ದೂರಿಗಿಂತ ಮೂರು ದಿನಾಂಕಗಳಿರುವ ದೂರಿಗೆ ಬೆಲೆ ಹೆಚ್ಚು. ಬರಹವನ್ನು ಕಚೇರಿಯ ಕಂಪ್ಯೂಟರಿನಲ್ಲಿ ಇಡಬೇಡಿ, ನಿಮ್ಮದೇ ಪುಸ್ತಕದಲ್ಲಿರಲಿ. ಬೇರೊಬ್ಬರಿಗೆ ಹೀಗಾಗುವುದನ್ನು ಕಂಡರೆ ಅವರ ಬಳಿ ಹೋಗಿ "ನಾನು ಕೇಳಿಸಿಕೊಂಡೆ, ಬೇಕಿದ್ದರೆ ಸಾಕ್ಷಿ ಹೇಳುತ್ತೇನೆ" ಎನ್ನಿ. ಅವರ ಧರ್ಮ ನಿಮ್ಮದಲ್ಲದಿದ್ದಾಗ ಈ ಮಾತಿಗೆ ಇರುವ ಬಲವನ್ನು ನಾನು ಕಣ್ಣಾರೆ ಕಂಡಿದ್ದೇನೆ.

9. ಒಪ್ಪಿಗೆ ಸಿಕ್ಕ ನಂತರ

ಲಿಖಿತ ಒಪ್ಪಿಗೆಯ ಎರಡು ಪ್ರತಿ ಇಟ್ಟುಕೊಳ್ಳಿ, ಒಂದು ಮನೆಯಲ್ಲಿ. ಕೆಲಸದ ಬಗೆ ಬದಲಾದರೆ, ಕಚೇರಿಯಿಂದ ಯಂತ್ರಗಳ ವಿಭಾಗಕ್ಕೆ ವರ್ಗವಾದರೆ, ಐದನೆಯ ಹಂತದ ಕನ್ನಡಿ ಪರೀಕ್ಷೆಯನ್ನು ಮತ್ತೆ ಮಾಡಿ ಹೊಸದಾಗಿ ಕೇಳಿ. ಹಳೆಯ ಒಪ್ಪಿಗೆ ಹಳೆಯ ಕೆಲಸಕ್ಕೆ ಮಾತ್ರ. ವ್ರತದ ಉಡುಪಾದರೆ ಯಾವ ದಿನದಿಂದ ಯಾವ ದಿನದವರೆಗೆ ಎಂದು ಪ್ರತಿ ವರ್ಷವೂ ಮುಂಚೆಯೇ ತಿಳಿಸಿ. ಹೊಸ ಮೇಲ್ವಿಚಾರಕರು ಬಂದ ಮೊದಲ ದಿನವೇ, ಅವರು ಕೇಳುವ ಮುನ್ನ, ಆ ಪತ್ರದ ಒಂದು ಪ್ರತಿಯನ್ನು ಅವರ ಕೈಗೆ ಕೊಡಿ. ಮೇಜಿನ ಕೆಳಗಿನ ಡ್ರಾಯರಿನಲ್ಲಿ ಒಗೆದು ಮಡಿಸಿದ ಇನ್ನೊಂದು ವಸ್ತ್ರ ಸದಾ ಇರಲಿ: ಮಳೆಯಲ್ಲಿ ನೆನೆದ ದಿನಕ್ಕೆ, ಎಣ್ಣೆ ಸಿಡಿದ ದಿನಕ್ಕೆ.